ಒಂಟಿ ಜೋಡು

ಸುಂಕದವನ ಮುಂದೆ ಸುಖದುಃಖ ಹೇಳಬಾರದು.
ಜುಸಾರಾ ಹೇಳಿದಳು, ಎಲ್ಲವನ್ನೂ, ಕೈಯಾಡಿಸುತ್ತ,
ಮಾಂಟ್ರಿಯಲ್ ನಿಲ್ದಾಣದ ಉಕ್ಕಿನ ಮೇಜಿನ ಮೇಲೆ
ಪೆಟ್ಟಿಗೆ ಬಾಯಿ ತೆರೆದು ಬಿದ್ದಿರುವಾಗ.

ಹದಿನೇಳು ಜೋಡು. ಜೋಡೆಂದರೆ ಜೋಡಿಯಲ್ಲ,
ಒಂದೊಂದೇ, ಎಲ್ಲ ಬಲಗಾಲಿನವು.
ಎಡಗಾಲಿನವು ಬ್ರೆಜಿಲ್‌ನಲ್ಲೇ ಉಳಿದವು,
ತೂಕ ಇಪ್ಪತ್ತಮೂರು ಕಿಲೋ ದಾಟಬಾರದೆಂದು.
"ವಿಡಿಯೊ ಗೇಮಿನೊಳಗೆ ಇದು ಕಾವಲುಗಾರ.
ಇದು ಕಳ್ಳ, ಅಟ್ಟೆ ಸವೆದದ್ದು ನೋಡಿ.
ಈ ಎತ್ತರದ ಹಿಮ್ಮಡಿಯದು ರಾಣಿ, ಗಂಡ ಸತ್ತವಳು,
ರಾತ್ರಿ ಹೊತ್ತು ಮಾತ್ರ ನಡೆಯುತ್ತಾಳೆ.
ಕೈಯಲ್ಲಿ ಹಿಡಿದು ಮೈಕಿನ ಮುಂದೆ ಮೆಟ್ಟಿಸುತ್ತೇನೆ;
ಎಡಗಾಲನ್ನು ಕಂಪ್ಯೂಟರ್ ತಾನೇ ಊಹಿಸಿಕೊಳ್ಳುತ್ತದೆ."

ಆಮೇಲೆ ಅವನ ಕೈಗೆ ಸಿಕ್ಕಿದ್ದು
ಬಿಳಿ ಪುಡಿಯ ಎರಡು ಪೊಟ್ಟಣ.
"ಇದೇನು?"
"ಹಿಮ," ಅಂದಳು.
ಮರಗೆಣಸಿನ ಹಿಟ್ಟು. ತೊಗಲಿನ ಚೀಲಕ್ಕೆ ತುಂಬಿ ಹಿಸುಕಿದರೆ
ಮೊಣಕಾಲುದ್ದ ಹಿಮದಲ್ಲಿ ಯಾರೋ ನಡೆದ ಹಾಗೆ.
ಅವನು ಪಕ್ಕದವನನ್ನು ಕರೆದ. ಇಬ್ಬರೂ ಹಿಸುಕಿ ನೋಡಿದರು.
ಕೆನಡಾಕ್ಕೆ ಹಿಮ ಹೊತ್ತು ತಂದವರನ್ನು
ಅವರು ಅಂದೇ ಮೊದಲು ಕಂಡದ್ದಂತೆ.

ನಾನು? ನನ್ನ ಕಾಗದದಲ್ಲಿ ಕಸುಬಿನ ಎದುರು ಬರೆದಿತ್ತು: ಜೊತೆಗಾರ.
ರೆಸಿಫೆಯಲ್ಲಿ ಹಲ್ಲಿನ ಡಾಕ್ಟರು.
ಇಲ್ಲಿ ಬೆಳಗಿನ ಜಾವ ಮೂರಕ್ಕೆ ಎದ್ದು ಬೇಕರಿಯಲ್ಲಿ
ಹಲ್ಲಿಲ್ಲದ ಹಿಟ್ಟು ನಾದುತ್ತೇನೆ.
ಸಿಟ್ಟಿಲ್ಲ. ಸುಳ್ಳು, ಇದೆ;
ಭಾನುವಾರ ಮಧ್ಯಾಹ್ನ, ಸ್ವಲ್ಪ.

ಅವಳ ಸ್ಟುಡಿಯೋದವರು ಮನೆಗೆ ಬಂದರೆ
ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ,
ಎಷ್ಟು ಪೆಟ್ಟಿಗೆ ಬಿಚ್ಚಿದ್ದೀರಿ ಎಂದು ಕೇಳುತ್ತಾರೆ.
ಮರ ಬಿಡಿಸುವ ಟೂರ್‌ಬ್ಯೋರ್ನನಿಗೆ ಇದು ಏಳನೆಯ ಊರು;
ಏಳರಲ್ಲೂ ಕೂತು ಒಂದೇ ಕಾಡು ಬಿಡಿಸಿದ್ದಾನೆ.
ಹಾರ್ಕಿವ್‌ನ ಬೊಹ್ದಾನಾ ಮಂಚ ಕೊಂಡಿಲ್ಲ,
ಹಾಸಿಗೆಗೆ ಗಾಳಿ ತುಂಬಿ ಮಲಗುತ್ತಾಳೆ,
ಗಾಳಿ ಎಲ್ಲ ಕಡೆ ಸಿಗುತ್ತದಲ್ಲ ಎಂದು.

ನವೆಂಬರಿನ ಒಂದು ರಾತ್ರಿ ನಿಜವಾದದ್ದು ಬಿತ್ತು.
ಮಲಗುವ ಬಟ್ಟೆಯ ಮೇಲೆ ಕೋಟು ಎಳೆದುಕೊಂಡು
ಮೈಕು ಹಿಡಿದು ಬೀದಿಗೆ ಓಡಿದಳು.
ಕಿಟಕಿಯಿಂದ ನೋಡಿದೆ: ಹೋದಳು, ಬಂದಳು,
ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಕಿವಿಗೊಟ್ಟಳು.
ಮೂಗು ಕೆಂಪಗೆ ಮಾಡಿಕೊಂಡು ಮೇಲೆ ಬಂದು,
"ಸರಿಯಿಲ್ಲ, ಒಟಾವಿಯೊ.
ಹಿಮದ ಸದ್ದು ಹಿಮದ ಹಾಗಿಲ್ಲ."

ಇಪ್ಪತ್ತೆರಡು ತಿಂಗಳು. ಒಂದು ಮಂಗಳವಾರ
ಹದಿನೈದು ನಿಮಿಷದ ಮೀಟಿಂಗು.
ಅದು ಮುಗಿಯುವಷ್ಟರಲ್ಲಿ ಬಾಗಿಲಿಗೆ
ಅವಳ ಕಾರ್ಡಿನ ಗುರುತೇ ಮರೆತುಹೋಗಿತ್ತು.
ಕಾವಲಿನವನು, ನಿಜವಾದವನು, ಎರಡೂ ಕಾಲಿಗೆ ಬೂಟಿದ್ದವನು,
ರಟ್ಟಿನ ಡಬ್ಬದಲ್ಲಿ ಜೋಡು ತಂದುಕೊಟ್ಟ.
ಎಣಿಸಿದೆವು. ಹದಿನಾರು.
ರಾಣಿ ಒಳಗೇ ಉಳಿದಿದ್ದಳು.

ಆಟ ಬಿಡುಗಡೆಯಾದದ್ದು ಏಪ್ರಿಲ್‌ನಲ್ಲಿ.
ಹೆಸರುಗಳ ಪಟ್ಟಿ ಇಪ್ಪತ್ತು ನಿಮಿಷ ಉರುಳಿತು, ಕೂತು ಓದಿದೆ:
ಊಟ ತಂದುಕೊಟ್ಟವರು, ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು,
ಯಾರದೋ ನಾಯಿ.
ಅವಳದ್ದಿಲ್ಲ.

ನನಗೆ ಆಡಲು ಬಾರದು. ಮೂರು ಸಲ ಕಂದಕಕ್ಕೆ ಬಿದ್ದು ಸತ್ತೆ.
ನಾಲ್ಕನೆಯ ಸಲ ಕೋಟೆಯ ಅಡುಗೆಮನೆಯ ಬಾಗಿಲು ನೂಕಿದರೆ
ರೆಸಿಫೆಯ ನಮ್ಮ ಬಾಡಿಗೆಮನೆಯ ಹಿತ್ತಲ ಬಾಗಿಲು!
ಎಣ್ಣೆ ಬಿಡಬೇಡ, ಬಿಡಬೇಡ ಎಂದು
ಆರು ವರ್ಷ ನನ್ನ ಕೈ ಹಿಡಿದಿದ್ದಳಲ್ಲ,
ಅದೇ ಕಿರ್ರು, ಕೊನೆಗೊಂದು ಬಿಕ್ಕಳಿಕೆ.
ತೆರೆದೆ, ಮುಚ್ಚಿದೆ, ತೆರೆದೆ.
ಕಾವಲುಗಾರ ಬಂದು ಬೆನ್ನಿಗೆ ಈಟಿ ಹಾಕಿದ.

ಪಕ್ಕದ ಕೋಣೆಯಲ್ಲಿ ಅವಳು ಪೆಟ್ಟಿಗೆ ತೂಗುತ್ತಿದ್ದಳು.
ಗ್ದಾನ್ಸ್ಕ್‌ನ ಕಂಪನಿ ಕರೆದಿದೆ; ಈ ವಿಮಾನಕ್ಕೆ ಇಪ್ಪತ್ತೇ ಕಿಲೋ.
ಕಳ್ಳನನ್ನು ಬಿಡಲೇ, ಕುದುರೆಯ ಲಾಳ ಬಿಡಲೇ ಎಂದಳು.
ಒಡೆಯದೆ ಉಳಿದ ಒಂದು ಪೊಟ್ಟಣ ಹಿಮ ಮೇಜಿನ ಮೇಲಿತ್ತು.
ಪೋಲೆಂಡಿನಲ್ಲಿ ಆಲೂಗಡ್ಡೆಯ ಹಿಟ್ಟು ಸಿಗುತ್ತದಂತೆ,
ಅದೂ ಆದೀತಂತೆ.

ಕಾವಲಿ ಕಾಯಿಸಿದಳು. ಹಿಮ ಉದುರಿಸಿ,
ತೆಂಗಿನ ತುರಿ ಹಾಕಿ, ಮಡಚಿ ಕೊಟ್ಟಳು.
ಬಾಯಿಗಿಟ್ಟೆ. ಹಲ್ಲಿನಡಿ ಕರಕ್ಕೆಂದಿತು.
"ಶ್," ಅಂದಳು, "ಇನ್ನೊಮ್ಮೆ ಅಗಿ."